ಇನ್ನೂರ ತೊಂಬತ್ತೈದು ಜಿಪ್ಪು

ಶನಿವಾರ ಕೊಡಬೇಕಾದ ಪಗಾರ
ಪಂಪಾಪತಿ ಗುರುವಾರ ಕೊಟ್ಟ.
ಲೋಡು ಹೋಗಿಲ್ಲ ಮಾಬುನ್ನಿ, ಪಾರ್ಟಿ ರೊಕ್ಕ ಹಾಕಿಲ್ಲ,
ನಾಕೈದು ದಿನಕ್ಕ ಏನಾಗತೈತಿ, ಅಂದ.

ನಾಕೈದು ದಿನಕ್ಕ ಏನಾಗತೈತಿ ಅಂತ
ನನಗೂ ಗೊತ್ತಿರಲಿಲ್ಲ.

ಐದನೇ ತಾರೀಖು ಫ್ರಿಜ್ಜಿನ ಕಂತು,
ಸಾವಿರದ ನೂರೈವತ್ತು.
ಖಾತೆಯಾಗ ಇದ್ದದ್ದು ಆರುನೂರ ನಲವತ್ತು.
ಕಂತು ಬಂತು, ಬಾಗಿಲು ಬಡೀತು, ಹೊಳ್ಳಿ ಹೋತು.
ಹೋಗುವಾಗ ಬ್ಯಾಂಕಿಗೆ ನನ್ನ ಕಡಿಂದ
ಐನೂರ ತೊಂಬತ್ತು ಕೊಡಿಸಿ ಹೋತು.
ಎಂಟಕ್ಕ ಮತ್ತ ಬಂತು. ಮತ್ತ ಹೋತು.
ಮತ್ತ ಐನೂರ ತೊಂಬತ್ತು.

ಐವತ್ತರಾಗ ಐನೂರ ತೊಂಬತ್ತು ಕಳೆದರ
ಎಷ್ಟು ಉಳೀತೈತೇ?
ಆರನೇ ಕ್ಲಾಸಿನ ಮಗಳನ್ನ ಕೇಳಿದೆ.
ಆಕಿ ಊಟದಿಂದ ತಲಿ ಎತ್ತಲಿಲ್ಲ:
ಉಳಿಯೋದಿಲ್ಲ ಅಮ್ಮಿ, ಇಳೀತೈತಿ.

ಫೋನಿನಾಗ ನೋಡಿದೆ.
ಐನೂರ ನಲವತ್ತು. ಅದರ ಮುಂದ
ಒಂದು ಸಣ್ಣ ಅಡ್ಡಗೆರಿ.
ಇಪ್ಪತ್ತು ವರ್ಷ ಜೀನ್ಸ್ ಹೊಲಿದ ಕಣ್ಣಿಗೆ
ದಾರ ಹರಿದ ಮ್ಯಾಲೆ ಬಟ್ಟಿಯಾಗ ಒಂಟಿ ಉಳಿದ
ಹೊಲಿಗಿ ಹಂಗ ಕಂಡಿತು.
ಉಗುರಿಲೆ ಕೆರೆದೆ. ಪರದೆ ಜಾರಿ
ಹವಾಮಾನ ಬಂತು: ನಲವತ್ತೊಂದು ಡಿಗ್ರಿ.

ಅರ್ಧ ದಿನ ರಜಾ ಹಾಕಿ
(ಅದರ ಲೆಕ್ಕ ಬ್ಯಾರೆ)
ಕೌಲ್ ಬಜಾರಿನಿಂದ ಬ್ಯಾಂಕಿಗೆ ನಡದೆ.
ಕೌಂಟರಿನಾಗ ಹೊಸ ಹುಡುಗ, ಒಡಿಶಾದಂವ,
ಕನ್ನಡ ಬರಂಗಿಲ್ಲ.
ನನ್ನ ಮುಂದ ಹುಲಿಗೆಮ್ಮ, ಪಿಂಚಣಿ ಪುಸ್ತಕ ಹಿಡಕೊಂಡು
ಗಾಜಿಗೆ ಬಾಯಿ ಇಟ್ಟು ಕೂಗಾಕತ್ತಿದ್ದಳು:
ಹದಿನೇಳು ರೂಪಾಯಿ ಎಪ್ಪತ್ತು ಪೈಸೆ ಎಲ್ಲಿ?

ಹುಡುಗ ಹಿಂದಿಯಾಗ ಏನೋ ಅಂದ.
ಮುದುಕಿ ನನ್ನ ಮಾರಿ ನೋಡಿದಳು.
ನಮ್ಮ ಮನಿ ಮಾತು ಅದಕ್ಕ ಹತ್ರದ್ದು, ಹೇಳಿದೆ:
ಎಸ್ಸೆಮ್ಮೆಸ್ ಕಳಿಸಿದ್ದಕ್ಕಂತ, ಅವ್ವ.
ನನಗ್ಯಾರು ಕಳಿಸ್ಯಾರ?
ಬ್ಯಾಂಕು.
ಏನಂತ?
ರೊಕ್ಕ ಕಡಿದೀವಿ ಅಂತ.

ಸಾಲಿನಾಗ ಯಾರೋ ನಕ್ಕರು. ಹುಲಿಗೆಮ್ಮ ನಗಲಿಲ್ಲ.
ಹಂಗಾರ ಕಡೀಬ್ಯಾಡ್ರಿ, ಹೇಳಾದೂ ಬ್ಯಾಡ ಅನ್ನು, ಅಂದಳು.
ಅದನ್ನ ಹಿಂದಿಗೆ ತರುವಾಗ
ನನ್ನ ದನಿಗೆ ಎಲ್ಲಿಂದಲೋ ಸಿಟ್ಟು ಬಂತು.

ಆಮ್ಯಾಲೆ ಒಬ್ಬ ಆಟೊದಂವ, ಒಬ್ಬ ಬಳಿಗಾರ,
ಚೆಕ್ ತಪ್ಪು ಬರೆದ ಒಬ್ಬ ಮಾಸ್ತರ.
ಎಲ್ಲರ ಮೈನಸ್ಸೂ ನನ್ನ ನಾಲಿಗಿ ಮ್ಯಾಲೆ ಹಾದು ಹೋದವು.
ಹುಡುಗ ಒಳಗಿಂದ ಸ್ಟೂಲು ಕೊಟ್ಟ.
ನನ್ನ ಪಾಳಿ ಬಂದಾಗ ಗಂಟೆ ಒಂದೂವರೆ.

ಪಗಾರ ತಡ ಆಗಿತ್ತು, ಅಂದೆ.
ಯಾರದ್ದೋ ತಡಕ್ಕ ನಾನ್ಯಾಕ, ಅಂದೆ.
ಅಂವ ಎದ್ದು ಮ್ಯಾನೇಜರ್ ಖೋಲಿಗೆ ಹೋದ.
ಹೋಗುವಾಗ ಪ್ಯಾಂಟು ನೋಡಿದೆ:
ಕಿತ್ತಳಿ ದಾರ, ಜೋಡು ಹೊಲಿಗಿ,
ಜಿಪ್ಪಿನ ತುದಿಗೆ ನಮ್ಮ ಲೈನಿನ ಬಿಗಿ.
ನಂದೇ ಇರಬಹುದು. ಇಲ್ಲದಿರಬಹುದು.

ಹೊಳ್ಳಿ ಬಂದು ಎರಡು ಬೆರಳು ಎತ್ತಿ ಒಂದನ್ನ ಮಡಚಿದ.
ಒಂದು ವಾಪಸ್. ಇನ್ನೊಂದನ್ನ
ಸಿಸ್ಟಮ್ ಬಿಡಂಗಿಲ್ಲ.

ಜಿಪ್ಪಿಗೆ ಎರಡು ರೂಪಾಯಿ ನನ್ನ ರೇಟು.
ಐನೂರ ತೊಂಬತ್ತು ಅಂದರ
ಇನ್ನೂರ ತೊಂಬತ್ತೈದು ಜಿಪ್ಪು.
ಕಂಡಿರದ ಅಷ್ಟು ಮಂದಿ ಗಂಡಸರ ಮಾನ ಮುಚ್ಚಬೇಕು ನಾನು,
ಒಂದು ಅಡ್ಡಗೆರಿ ಮುಚ್ಚಾಕ.

ಮಧ್ಯಾಹ್ನ ಹೊಳ್ಳಿ ಬಂದು ಕೂತೆ.
ಬಟ್ಟಿಗೆ ಗುರುತು ಹಾಕುವ ಸೀಮೆಸುಣ್ಣದಿಂದ
ಮಷಿನಿನ ಹಲಗಿ ಮ್ಯಾಲೆ ದೊಡ್ಡದಾಗಿ ಐದು ಅಂತ ಬರೆದೆ.
ಪಂಪಾಪತಿ ಬಂದು ಬಗ್ಗಿ ನೋಡಿದ:
ಏನಿದು, ಸೈಜಾ?

ಅಲ್ಲ, ನಿನ್ನ ತಾರೀಖು, ಅಂದೆ.
ಪೆಡಲು ಒತ್ತಿದೆ.